ಸಾಲಿ ಅಂಗಳದಾಗ ಮಳಿ, ಬಿಸಲು, ಗಾಳಿ ಅಳೆಯೋದು ಹೆಂಗ?

ಕಲಬುರಗಿ ಕಡಿ ಜೂನ್ ಬಂತಂದ್ರ ಬಸ್‌ಸ್ಟ್ಯಾಂಡಿನಾಗ, ಚಾ ಅಂಗಡ್ಯಾಗ ಒಂದೇ ಮಾತು, "ನಿಮ್ಮೂರಾಗ ಮಳಿ ಆಯ್ತೇನ್ರಿ?" ಉತ್ತರ "ಸುಮ್ನ ನಾಕು ಹನಿ ಬಿತ್ತ್ರಿ" ಇಲ್ಲಂದ್ರ "ಭಾರಿ ಹೊಡದದ ನೋಡ್ರಿ". ನಾಕು ಹನಿ ಅಂದ್ರ ಎಷ್ಟು, ಭಾರಿ ಅಂದ್ರ ಎಷ್ಟು, ಕೇಳಿದ್ರ ಯಾರ ಹತ್ರನೂ ಹಿಸಾಬು ಇರಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವ್ರು ಗ್ರಾಮ ಪಂಚಾಯಿತಿ ಮಟ್ಟದಾಗ ತಾನೇ ಲೆಕ್ಕ ಕಳಿಸೋ ಮಳೆಮಾಪಕ ಹಾಕ್ಯಾರ, ಖರೆ, ಆದ್ರ ಒಂದು ಪಂಚಾಯಿತ್ಯಾಗ ನಾಕೈದು ಹಳ್ಳಿ ಇರ್ತಾವ, ಎತ್ತಿನ ಒಂದು ಕೋಡು ತೊಯ್ದು ಇನ್ನೊಂದು ಒಣಗಿರೋ ಮಳಿ ನಮ್ದು. ನಿಮ್ಮ ಹಳ್ಳಿ ಲೆಕ್ಕ ಬೇಕಂದ್ರ ನಿಮ್ಮ ಸಾಲಿ ಹುಡುಗ್ರೇ ಬರೀಬೇಕು. ದೊಡ್ಡ ಖರ್ಚೇನಿಲ್ಲ.

ಮೊದಲು ಮಳಿ. ಎರಡು ಲೀಟರಿನ ಕೋಲ್ಡ್ರಿಂಕ್ಸ್ ಬಾಟ್ಲಿ ತಗೊಂಡು, ಕುತ್ತಿಗಿ ಸಣ್ಣ ಆಗೋಕ್ಕಿಂತ ಜರಾ ಕೆಳಗ ಕತ್ತರಿಸಿ, ಮ್ಯಾಲಿನ ತುಂಡು ಉಲ್ಟಾ ಮಾಡಿ ಅದರೊಳಗೇ ಕೂಡಿಸ್ರಿ, ಬಾಯಿಗೆ ಬಾಯಿ ಬರೋಬರ್ ಇರ್ಲಿ, ಟೇಪ್ ಹಚ್ರಿ. ಲಾಳಿಕಿ ತಯಾರಾಯ್ತು, ಒಳಗಿನ ನೀರು ಬಿಸಲಿಗೆ ಜಲ್ದಿ ಆರೋದೂ ಇಲ್ಲ. ಬಹಳ ಮಂದಿ ಇದಕ್ಕ ಹೊರಗಿಂದ ಸ್ಕೇಲ್ ಅಂಟಿಸ್ರಿ ಅಂತ ಹೇಳಿಕೊಡ್ತಾರ, ನಂಗ ಅದು ಪಸಂದ್ ಇಲ್ಲ, ಯಾಕಂದ್ರ ಬಾಟ್ಲಿ ಬುಡ ಉಬ್ಬುತಗ್ಗು ಇರ್ತದ, ಸಣ್ಣ ಮಳ್ಯಾಗ ಲೆಕ್ಕ ಪೂರಾ ತಪ್ತದ. ಅದರ ಬದಲಿ ಮೆಡಿಕಲ್ ಶಾಪಿನಾಗ 20 ಮಿ.ಲೀ. ಸಿರಿಂಜ್ ತರ್ರಿ, ಸೂಜಿ ಬ್ಯಾಡ. ನೀರು ಒಂದು ಗಿಲಾಸಿಗೆ ಬಗ್ಗಿಸಿ ಸಿರಿಂಜಿಲೆ ಎಳದು ಎಷ್ಟು ಮಿ.ಲೀ. ಅಂತ ಎಣಿಸ್ರಿ.

ಈಗ ಗಣಿತ, ಏಳನೇ ಎಂಟನೇ ಕ್ಲಾಸಿನ ಹುಡುಗ್ರಿಗೆ ಬಿಡ್ರಿ. ಬಾಯಿ ಅಗಲ 10 ಸೆಂ.ಮೀ. ಇದ್ರ ಅರ್ಧ 5, ಅಂದ್ರ 3.14×5×5, ಕ್ಷೇತ್ರಫಲ 78.5 ಚದರ ಸೆಂ.ಮೀ. ಸಿಕ್ಕ ಮಿ.ಲೀ.ನ ಅದರಿಂದ ಭಾಗಿಸಿ 10ರಿಂದ ಗುಣಿಸಿದ್ರ ಮಳಿ ಎಷ್ಟು ಮಿ.ಮೀ. ಅಂತ ಬರ್ತದ. 110 ಮಿ.ಲೀ. ಸಿಕ್ರ 14 ಮಿ.ಮೀ. ಮಜಾ ಏನಂದ್ರ ಈ ಅಳತಿ ಬಾಟ್ಲಿಗೆ ಒಂದು ಸಿರಿಂಜ್ ತುಂಬ ನೀರು ಅಂದ್ರ ಸುಮಾರು 2.5 ಮಿ.ಮೀ., ಹವಾಮಾನ ಇಲಾಖೆ ಅದನ್ನೇ "ಮಳೆ ದಿನ" ಅಂತ ಎಣಿಸೋದು. ಅದಕ್ಕಿಂತ ಕಮ್ಮಿ ಇದ್ರ ನಾಕು ಹನಿ! ಅರ್ಧ ಲೀಟರ್ ದಾಟ್ತಂದ್ರ 64.5 ಮಿ.ಮೀ. ಹತ್ರ ಬಂತು, ಇಲಾಖೆ ಲೆಕ್ಕದಾಗ ಭಾರಿ ಮಳಿ ಶುರು ಆಗೋದು ಅಲ್ಲಿಂದ. ಹುಡುಗ್ರ ಅಪ್ಪಂದ್ರಿಗೆ ತೊಗರಿ ಹೊಲದ ಲೆಕ್ಕದಾಗ ಹೇಳ್ಬೇಕಂದ್ರ, 1 ಮಿ.ಮೀ. ಅಂದ್ರ ಒಂದು ಎಕರೆಗೆ ಸುಮಾರು 4,000 ಲೀಟರ್.

ಬಾಟ್ಲಿ ಎಲ್ಲಿ ಇಡಬೇಕು? ಬೇವಿನ ಗಿಡದ ಕೆಳಗಂತೂ ಬ್ಯಾಡ. ಗೋಡಿ, ಗಿಡ ಎಷ್ಟು ಎತ್ತರ ಅದಾವೋ ಅದರ ಎರಡು ಪಟ್ಟರ ದೂರ ಇರ್ಲಿ. ಗಾಳಿಗೆ ಬೀಳದಂಗ ಸುತ್ತ ಇಟ್ಟಂಗಿ ಇಡ್ರಿ, ಬಾಯಿ ಮಾತ್ರ ನೆಲದಿಂದ ಒಂದಡಿ ಮ್ಯಾಲ ಇರ್ಲಿ, ಇಲ್ಲಂದ್ರ ಕರಿ ಮಣ್ಣು ಸಿಡದು ಒಳಗ ಬೀಳ್ತದ. ಓದೋ ಟೈಮ್ ಮುಂಜಾನಿ 8:30, ದೇಶದಾಗೆಲ್ಲ ಹವಾಮಾನ ಇಲಾಖೆ 24 ತಾಸಿನ ಮಳಿ ಲೆಕ್ಕ ಮುಗಸೋದು ಅದೇ ಟೈಮಿಗೆ. ಮಳಿ ಬರ್ಲಿ ಬಿಡ್ಲಿ ಬರೀರಿ, ಸೊನ್ನೆ ಸುದ್ದಾ ಲೆಕ್ಕನೇ.

ಬಿಸಲು ಅಳೆಯೋದ್ರಾಗೇ ಜಾಸ್ತಿ ಗಡಬಡ ಆಗೋದು. ಜ್ವರದ ಥರ್ಮಾಮೀಟರ್ ನಡೆಯಲ್ಲ, ಲ್ಯಾಬಿನ ಥರ್ಮಾಮೀಟರ್ ಬೇಕು, ಕೆಂಪು ಆಲ್ಕೋಹಾಲಿಂದು ತಗೊಳ್ರಿ, ಒಡದ್ರೂ ಪಾದರಸದ ಅಂಜಿಕಿ ಇಲ್ಲ. ಅದನ್ನ ಬಿಸಲಾಗ ಹಿಡದ್ರ ಗಾಳಿದಲ್ಲ, ಗಾಜು ಕಾದದ್ದು ತೋರಿಸ್ತದ. ನಮ್ಮ ಕಡಿ ಇನ್ನೊಂದು ಫಜೀತಿ ಶಾಬಾದಿ ಫರಸಿ, ಸಾಲಿ ಕಟ್ಟಿ ತುಂಬ ಅದೇ ಹಾಸಿರ್ತಾರ, ಏಪ್ರಿಲ್ ಮಧ್ಯಾಹ್ನ ಬರಿಗಾಲಿಟ್ಟವ್ರಿಗೆ ಗೊತ್ತು ಅದು ಹೆಂಗ ಕಾಯ್ತದಂತ, ಅದರ ಬಾಜೂಕ ಥರ್ಮಾಮೀಟರ್ ತೂಗ್ಹಾಕಿದ್ರ ಫರಸಿ ಕಾವೂ ಲೆಕ್ಕದಾಗ ಸೇರ್ತದ. ಅದಕ್ಕ ಮಣ್ಣು ನೆಲದ ಮ್ಯಾಲ, ನಾಕಡಿ ಎತ್ತರದಾಗ, ಸಂದು ಇರೋ ಕಟ್ಟಿಗಿ ಹಣ್ಣಿನ ಪೆಟ್ಟಿಗಿ ಕೂಡಿಸಿ ಒಳಗೂ ಹೊರಗೂ ಬಿಳಿ ಬಣ್ಣ ಹಚ್ರಿ, ಮ್ಯಾಲ ಒಂದು ಹಲಗಿ ಮುಚ್ರಿ, ಬಾಗಲು ಉತ್ತರಕ್ಕ ಇರ್ಲಿ. ಇಲಾಖೆಯವ್ರ ಸ್ಟೀವನ್ಸನ್ ಪೆಟ್ಟಿಗಿನೂ ಇದೇ ಉಪಾಯ. ದಿನದ ಹೆಚ್ಚಿನ ಕಾವು ಬೇಕಂದ್ರ ಮಧ್ಯಾಹ್ನ ಎರಡೂವರಿ ಮೂರಕ್ಕ ಓದ್ರಿ, ಬಾಗಲು ತಗದ ಕೂಡ್ಲೆ, ಮಾರಿ ಹತ್ರ ತಂದು ಉಸರು ಬಿಡಬ್ಯಾಡ್ರಿ.

ಅದೇ ಪೆಟ್ಟಿಗ್ಯಾಗ ಇನ್ನೊಂದು ಥರ್ಮಾಮೀಟರ್ ಇಟ್ಟು ಅದರ ಬುಡಕ್ಕ ತೆಳ್ಳನ ಹಳೆ ಧೋತರ ತುಂಡು ಸುತ್ತಿ, ತುದಿ ಸಣ್ಣ ಬಾಟ್ಲಿ ನೀರಾಗ ಬಿಟ್ರ ಗಾಳ್ಯಾಗಿನ ತೇವ ಪತ್ತಾ ಆಗ್ತದ. ಮೇ ತಿಂಗಳದಾಗ ಕೂಲರ್ ಗಾಳಿ ತಣ್ಣಗ ಬರ್ತದ, ಜುಲೈದಾಗ ಅದೇ ಕೂಲರ್ ಹಾಕಿದ್ರ ಮೈ ಅಂಟಂಟು, ಇಲ್ಲೂ ಹಂಗೇ. ಒಣ ಗಾಳ್ಯಾಗ ನೀರು ಜಲ್ದಿ ಆರ್ತದ, ತೊಯ್ದ ಥರ್ಮಾಮೀಟರ್ ಕೆಳಗ ಇಳೀತದ. ಒಣದು 38, ತೊಯ್ದದ್ದು 22 ಇದ್ರ ಆರ್ದ್ರತೆ 20ರಿಂದ 25 ಪರ್ಸೆಂಟ್ ಅಷ್ಟೇ, 28 ಮತ್ತ 26 ಇದ್ರ 85ರ ಆಸುಪಾಸು. ಪೂರ್ತಿ ಕೋಷ್ಟಕ ನೆಟ್‌ನಾಗ ಸಿಗ್ತದ, ಪ್ರಿಂಟ್ ಹಾಕಿ ಪೆಟ್ಟಿಗಿ ಬಾಗಲಿಗೇ ಅಂಟಿಸ್ರಿ. ಬೋರಿನ ನೀರು ಹಾಕಬ್ಯಾಡ್ರಿ, ಅರಿವಿ ಮ್ಯಾಲ ಬಿಳಿ ಉಪ್ಪು ಕೂಡ್ತದ, ಫಿಲ್ಟರ್ ನೀರು ಹಾಕಿ ಅರಿವಿ ಆಗಾಗ ಬದಲಿ ಮಾಡ್ರಿ.

ಗಾಳಿಗೆ ಒಂದು ಉದ್ದ ಕೋಲು, ತುದಿಗೆ ರಿಬ್ಬನ್, ಸಾಕು. ರಿಬ್ಬನ್ ಮೂಡಲಕ್ಕ ಹಾರ್ತಿದ್ರ ಅದು ಪಡುವಲ ಗಾಳಿ, ಎಲ್ಲಿಂದ ಬರ್ತದೋ ಆ ದಿಕ್ಕೇ ಬರೀಬೇಕು. ಜೋರು ಎಷ್ಟು ಅನ್ನೋದಕ್ಕ ಕಣ್ಣಂದಾಜೇ ನಡೀತದ: ಎಲಿ ಸಳಸಳ ಅಂದ್ರ ತಾಸಿಗೆ 6ರಿಂದ 11 ಕಿ.ಮೀ., ಅಂಗಳದ ಧೂಳು ಕಾಗದ ಎದ್ರ 20ರಿಂದ 28.

ರಿಜಿಸ್ಟರಿನಾಗ ತಾರೀಖು, ಮಳಿ, ಎರಡೂ ಥರ್ಮಾಮೀಟರ್, ಗಾಳಿ, ಕಡೀಕೆ ಮಳಿ ನಕ್ಷತ್ರಕ್ಕೂ ಒಂದು ಕಾಲಂ ಹಾಕ್ರಿ, ರೋಹಿಣಿ, ಮಿರಗ, ಆರಿದ್ರ ಅಂತ. ಮಿರಗ ಈ ಸಲ ಕೈಕೊಡ್ತು ಅಂತ ಕಟ್ಟಿ ಮ್ಯಾಲ ಕೂತವ್ರು ಹೇಳಿದ್ರ ಹುಡುಗ್ರು ಪುಸ್ತಕ ತಗದು ಇಷ್ಟೇ ಮಿ.ಮೀ. ಆಗ್ಯದ ಅಜ್ಜಾ ಅಂತ ತೋರಿಸ್ಬಹುದು. ಐತವಾರ ಸಾಲಿ ಬಂದ್ ಇರ್ತದಲ್ಲ, ಸೋಮವಾರ ಸಿಕ್ಕ ನೀರು ಎರಡು ದಿನದ್ದು, ಹಂಗಂತನೇ ಬರೀರಿ, ಅರ್ಧ ಅರ್ಧ ಹಂಚಬ್ಯಾಡ್ರಿ. ಸಾಲಿ ಬಾಜೂಕ ಮನಿ ಇರೋ ಹುಡುಗ ಇದ್ರ ರಜಾದಾಗ ಸಿರಿಂಜು, ರಿಜಿಸ್ಟರು ಅವನ ಹತ್ರ ಕೊಡ್ರಿ, ರೋಹಿಣಿ ಮಳಿ ಮೇ ಕೊನಿಗೇ ಶುರು ಆಗ್ತದ, ಸಾಲಿ ಬಾಗಲು ತಗಿಯೋದನ್ನ ಅದು ಕಾಯಲ್ಲ.