ಪೋನಿಯ ಬಾಯಿಗೆ ಒಗ್ಗುವ ಕಡಿವಾಣ

ಬಾಯಿಗೆ ಅಡ್ಡ ಹಾಕುವ ಲೋಹದ ಕಡಿವಾಣ ದಪ್ಪಗಿದ್ದಷ್ಟೂ ಕುದುರೆಗೆ ಹಿತ ಅಂತ ಬಹಳ ಜನ ನಂಬಿದ್ದಾರೆ. ಪೋನಿಯ, ಅಂದರೆ ಗಿಡ್ಡ ಜಾತಿಯ ಕುದುರೆಯ, ವಿಷಯದಲ್ಲಿ ಅದು ಸರಿಯಲ್ಲ. ಅದರ ಬಾಯಿ ಚಿಕ್ಕದು, ನಾಲಿಗೆ ದಪ್ಪ, ಅಂಗುಳ ತಗ್ಗು. ಅಲ್ಲಿ 20 ಮಿ.ಮೀ. ದಪ್ಪದ ಲೋಹ ತುರುಕಿದರೆ ಪಾಪದ್ದು ಬಾಯಿ ಮುಚ್ಚುವುದಾದರೂ ಹೇಗೆ?

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅಣ್ಣನ ಮಗಳು ಸವಾರಿ ಕಲಿಯಲಿ ಅಂತ ರಾಮು ಎಂಬ ಪೋನಿ ಸಾಕಿದ್ದೇವೆ. ಯಾರು ಕೇಳಿದರೂ ನಾನು ಹೇಳುವುದು ಒಂದೇ: ಕಡಿವಾಣ ನೋಡುವ ಮೊದಲು ಬಾಯಿ ನೋಡಿ.

ಕಟವಾಯಿಯಲ್ಲಿ ಹೆಬ್ಬೆರಳು ಇಟ್ಟರೆ ಅದೇ ಬಾಯಿ ತೆರೆಯುತ್ತದೆ. ಮುಂದೆ ಬಾಚಿ ಹಲ್ಲು, ಹಿಂದೆ ದವಡೆ ಹಲ್ಲು, ನಡುವೆ ಹಲ್ಲಿಲ್ಲದ ಬರೀ ಒಸಡು. ಕಡಿವಾಣ ಕೂರುವುದು ಅಲ್ಲೇ. ಬೆರಳಾಡಿಸಿ ನೋಡಿ, ತೆಳು ಒಸಡಿನ ಕೆಳಗೆ ಮೂಳೆ ನೇರವಾಗಿ ಸಿಗುತ್ತದೆ. ಗಂಡಾದರೆ 4-5 ವರ್ಷಕ್ಕೆ ಆ ಜಾಗದಲ್ಲಿ ಕೋರೆ ಹಲ್ಲು ಬರುತ್ತದೆ. ಕೆಲವಕ್ಕೆ ಮೇಲಿನ ದವಡೆ ಹಲ್ಲಿನ ಮುಂದೆ ಇನ್ನೊಂದು ಪುಟ್ಟ ಹಲ್ಲು ಇರುತ್ತದೆ. ಅದಕ್ಕೆ ಲೋಹ ತಾಗಿದರೆ ತಲೆ ಕೊಡವುತ್ತದೆ, ನಾವು ಹಟ ಅಂದುಕೊಳ್ಳುತ್ತೇವೆ. ದವಡೆ ಹಲ್ಲು ಚೂಪಾಗಿ ಕೆನ್ನೆಯ ಒಳಗೆ ಕೊಯ್ಯುವುದೂ ಉಂಟು. ಅನುಮಾನ ಬಂದರೆ ಪಶುವೈದ್ಯರಿಗೆ ತೋರಿಸಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ವಾ?

ಆಮೇಲೆ ಅದೇ ಒಸಡಿನ ಜಾಗದಲ್ಲಿ ಎರಡು ಬೆರಳು ಒಂದರ ಮೇಲೊಂದು ಇಟ್ಟು ಬಾಯಿ ಮುಚ್ಚಿಸಿ. ಬೆರಳು ಗಟ್ಟಿಯಾಗಿ ಒತ್ತಿದರೆ ಒಳಗೆ ಜಾಗ ಕಡಿಮೆ. 14ರಿಂದ 16 ಮಿ.ಮೀ. ದಪ್ಪ ಸಾಕು.

ಅಗಲ ಅಳೆಯಲು ತೋಟದ 16 ಮಿ.ಮೀ. ಡ್ರಿಪ್ ಪೈಪಿನ ತುಂಡು ಬಹಳ ಅನುಕೂಲ. ತುದಿ ಉಜ್ಜಿ ನಯ ಮಾಡಿ, ಬಾಯಲ್ಲಿ ಅಡ್ಡ ಇಟ್ಟು, ಎರಡೂ ಕಟವಾಯಿಯ ಹೊರಗೆ ಪೆನ್ನಿನಲ್ಲಿ ಗುರುತು ಮಾಡಿ. ಲಗಾಮು ಕಟ್ಟುವ ತುದಿಯ ಉಂಗುರ ಅಲುಗಾಡದ ಕಡಿವಾಣಕ್ಕೆ ಆ ಅಳತೆಯ ಮೇಲೆ ಒಂದೊಂದು ಬದಿಗೆ 2-3 ಮಿ.ಮೀ. ಸೇರಿಸಿ. ತಿರುಗುವ ಉಂಗುರದ್ದಾದರೆ 5-6. ರಾಮುವಿನ ಬಾಯಿ 11 ಸೆಂ.ಮೀ. ಬಂತು, ನಾಲ್ಕೂವರೆ ಇಂಚಿನದು ಸರಿಹೋಯಿತು. ಜಾಸ್ತಿ ಅಗಲ ತಂದರೆ ಅದು ಬಾಯಲ್ಲಿ ಆಚೀಚೆ ಜಾರಿ ತುಟಿ ಉಜ್ಜುತ್ತದೆ.

ನಡುವೆ ಒಂದೇ ಕೀಲು ಇರುವ ಕಡಿವಾಣ ಎಲ್ಲ ಕಡೆ ಸಿಗುತ್ತದೆ. ಲಗಾಮು ಜಗ್ಗಿದಾಗ ಅದು ಮಡಚಿಕೊಂಡು ಅಡಕತ್ತರಿ ಹಾಗೆ ನಾಲಿಗೆ ಹಿಡಿಯುತ್ತದೆ. ಎರಡು ಕೀಲಿನ ನಡುವೆ ನುಣುಪಾದ ಚಿಕ್ಕ ಗುಂಡು ಇರುವುದನ್ನು ಕೇಳಿ ತರಿಸಿ. ಕಾನ್ಪುರದಲ್ಲಿ ಕುದುರೆ ಸಾಮಾನು ತಯಾರಾಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಕಲಿಯುವ ಮಕ್ಕಳ ಕೈ ಅಲುಗಾಡುತ್ತಲೇ ಇರುತ್ತದೆ, ಅವರಿಗೆ ಅಲುಗಾಡದ ಉಂಗುರದ್ದೇ ಒಳ್ಳೆಯದು. ತುಟಿ ಸಿಕ್ಕಿಕೊಳ್ಳುವುದಿಲ್ಲ. ಮುಳ್ಳಿನ ಕಡಿವಾಣ ಮಾತ್ರ ಬೇಡವೇ ಬೇಡ. ಭಾರ ಎಳೆಯುವ, ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು 1965ರಲ್ಲಿ ಬಂದ ನಿಯಮಗಳಲ್ಲೇ ಅದನ್ನು ನಿಷೇಧಿಸಲಾಗಿದೆ. ಆ ಬಾಯಲ್ಲಿ ಒಮ್ಮೆ ಬೆರಳಾಡಿಸಿದವರು ಅಂಥದ್ದನ್ನು ಕೈಯಲ್ಲೂ ಹಿಡಿಯುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳಿ. ನಮ್ಮ ಮಳೆಗೆ ಬೇರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ನಿಕಲ್ ಲೇಪನ ಎದ್ದರೆ ಅಂಚು ನಾಲಿಗೆ ಕೊಯ್ಯುತ್ತದೆ. ಆಷಾಢದ ಬೆಳಗ್ಗೆ ಲೋಹ ಮಂಜುಗಡ್ಡೆ. ನಾನು ಬಚ್ಚಲ ಹಂಡೆಯ ಬಿಸಿನೀರಲ್ಲಿ ಅದ್ದಿ, ಒರೆಸಿ, ಬೆಚ್ಚಗಿದೆಯಾ ಅಂತ ಮುಂಗೈಗೆ ಒತ್ತಿ ನೋಡಿಯೇ ಹಾಕುತ್ತೇನೆ. ತೆಗೆದ ಮೇಲೆ ತೊಳೆಯಿರಿ, ಜೊಲ್ಲು ಒಣಗಿದರೆ ಮರಳು ಕಾಗದದಂತೆ ಒರಟಾಗುತ್ತದೆ.

ಹಾಕಿದಾಗ ಕಟವಾಯಿಯಲ್ಲಿ ಒಂದು ಸುಕ್ಕು ಬಿದ್ದರೆ ಸಾಕು. ಮೂಗುಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಪಟ್ಟಿ ಬಿಗಿದು ಬಾಯಿ ಮುಚ್ಚಿಸಿದರೆ ನೋವು ಹೋಗುವುದಿಲ್ಲ, ನಮಗೆ ಕಾಣದೆ ಇರುತ್ತದೆ ಅಷ್ಟೇ. ಮೊದಲ ದಿನ ಲಗಾಮು ಕಟ್ಟದೆ ಸುಮ್ನೆ ಅಂಗಳದಲ್ಲಿ ಓಡಾಡಿಸಿ. ಮೆಲ್ಲಗೆ ಜಗಿಯುತ್ತಿದ್ದರೆ ಒಗ್ಗಿದೆ. “ಚಿಕ್ಕಪ್ಪ, ರಾಮು ನಾಲಿಗೆ ಹೊರಗೆ ಹಾಕ್ತಿದಾನೆ” ಅಂತ ಹುಡುಗಿ ಕೂಗಿದರೆ ನಾನು ಅವಳನ್ನು ಇಳಿಸಿ, ಕಡಿವಾಣ ಬಿಚ್ಚಿ, ಮತ್ತೆ ಬಾಯಿ ನೋಡುತ್ತೇನೆ.

5 ವರ್ಷ ತುಂಬುವವರೆಗೂ ಹಾಲುಹಲ್ಲು ಬಿದ್ದು ಹೊಸದು ಬರುತ್ತಿರುತ್ತದೆ, ಹಾಗಾಗಿ ಎಳೆಯ ಪೋನಿಗೆ ಪದೇಪದೇ ನೋಡಬೇಕು. ಹುಣ್ಣಾಗಿದ್ದರೆ ಮಾಯುವ ತನಕ ಕಡಿವಾಣ ಬೇಡ. ಮುಖದ ಪಟ್ಟಿಗೆ ಹಗ್ಗ ಕಟ್ಟಿ, ದೊಡ್ಡವರು ಹಿಡಿದು ಬೇಲಿಯೊಳಗೆ ನಡೆಸಿದರೆ ಸಾಕು.