‘ಅಯ್ಯೋ ಪಾಪ’ ಅನ್ನಿಸಿದಾಗ ಮೊದಲು ಏನು ನೋಡಬೇಕು?

ಅಳುವ ಮಗುವನ್ನೋ ಗೋಳಾಡುವ ತಾಯಿಯನ್ನೋ ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಅನ್ನಲೇಬೇಕು. ಮನಸ್ಸು ಕಲ್ಲು ಮಾಡಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ನಮಗೆ ಹಾಗನ್ನಿಸುವ ಆ ಒಂದೆರಡು ನಿಮಿಷಕ್ಕಾಗಿಯೇ ಕಾದು ಕೂತವರಿದ್ದಾರೆ. ಒಬ್ಬರಿಗೆ ನಮ್ಮ ಮತ ಬೇಕು, ಇನ್ನೊಬ್ಬರಿಗೆ ದುಡ್ಡು ಬೇಕು, ಮತ್ತೊಬ್ಬರಿಗೆ ನಾವು ಇಂಥವರನ್ನು ದ್ವೇಷಿಸಿದರೆ ಸಾಕು. ಅವರ ಕೈಗೆ ಸಿಕ್ಕಿಕೊಳ್ಳದೆ ಕನಿಕರವನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋವನ್ನೂ ಬೇಡಿಕೆಯನ್ನೂ ಬಿಡಿಸಿ ಬೇರೆ ಬೇರೆ ಇಡಿ. ವಿಡಿಯೊ ಇರಲಿ, ಭಾಷಣ ಇರಲಿ, ಎರಡು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ನೊಂದವರು ಯಾರು? ಇದನ್ನು ತೋರಿಸುತ್ತಿರುವವರು ನನ್ನಿಂದ ಏನು ಕೇಳುತ್ತಿದ್ದಾರೆ? ಎಷ್ಟೋ ಸಲ ನೋವು ನಿಜವೇ ಆಗಿರುತ್ತದೆ. ನೋವು ನಿಜ ಅಂದ ಮಾತ್ರಕ್ಕೆ ಬೇಡಿಕೆ ಸರಿ ಅಂತಾಗುವುದಿಲ್ಲ. ಎರಡನ್ನೂ ಅಂಟಿಸಿ ಕೊಟ್ಟಾಗ ಒಟ್ಟಿಗೇ ನುಂಗಿಬಿಡುತ್ತೇವೆ, ಯಾಕೆಂದರೆ ಬೇಡಿಕೆಯನ್ನು ಪ್ರಶ್ನಿಸಿದರೆ ನೊಂದವರನ್ನೇ ಅವಮಾನಿಸಿದ ಹಾಗೆ ಅನ್ನಿಸುತ್ತದೆ, ‘ನಿಂಗೆ ಹೃದಯ ಇಲ್ವಾ’ ಅಂತ ಕೇಳುವವರೂ ಪಕ್ಕದಲ್ಲೇ ಇರುತ್ತಾರೆ.

2018ರಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ನೋಡಿದ ಯಾವ ಅಪ್ಪ ಅಮ್ಮನಿಗೆ ತಾನೇ ಎದೆ ಝಲ್ ಅನ್ನುವುದಿಲ್ಲ? ಆದರೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಮೂಡಿಸಲು ಮಾಡಿದ ಜಾಹೀರಾತು. ಪೂರ್ತಿ ವಿಡಿಯೊದಲ್ಲಿ ಅದೇ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸಿ, ಪೋಷಕರನ್ನು ಎಚ್ಚರಿಸುವ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಬಿಟ್ಟರು. ಅದರ ಜೊತೆ ‘ನಮ್ಮ ಊರಿಗೂ ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನುವ ಮಾತು ಸೇರಿಕೊಂಡಿತು.

ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳ ಅಂತ ಗುಂಪು ಹೊಡೆದು ಸಾಯಿಸಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ನ ಜೀವ ಹೋಯಿತು. ಅವನ ಜೊತೆ ಬಂದಿದ್ದ ಗೆಳೆಯರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟಕ್ಕೇ ಮಕ್ಕಳ ಕಳ್ಳರು ಅಂತ ಗುಂಪು ಮೇಲೆ ಬಿತ್ತು. ಹೊಡೆದವರೆಲ್ಲ ರಾಕ್ಷಸರಾಗಿ ಹುಟ್ಟಿದವರೇನಲ್ಲ. ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂತ ನಂಬಿದ್ದರು. ನನ್ನನ್ನು ಇವತ್ತಿಗೂ ಹೆದರಿಸುವುದು ಇದೇ. ಕ್ರೌರ್ಯಕ್ಕೆ ಯಾವಾಗಲೂ ದ್ವೇಷವೇ ಬೇಕಾಗಿಲ್ಲ, ಮಗುವಿನ ಮೇಲಿನ ಮಮತೆಗೆ ಒಬ್ಬ ಶತ್ರುವನ್ನು ತೋರಿಸಿಕೊಟ್ಟರೂ ಸಾಕು. ಆ ವರ್ಷದ ಇಂಥ ಸಾವುಗಳಾದ ಮೇಲೆ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ತಂದಿತು.

ಹಾಗಾಗಿ ‘ಪಾಪ ಮಗು’ ಅಂತ ಶುರುವಾದ ಸಂದೇಶ ‘ಇಂಥವರನ್ನು ಸುಮ್ನೆ ಬಿಡಬಾರದು’ ಅಂತ ಮುಗಿದರೆ ಅಲ್ಲೇ ನಿಲ್ಲಿ. ‘ಮನುಷ್ಯರಾಗಿದ್ದರೆ ಶೇರ್ ಮಾಡಿ’, ‘ಡಿಲೀಟ್ ಆಗುವ ಮುಂಚೆ ನೋಡಿ’ ಅಂತ ಅವಸರ ಮಾಡಿದರಂತೂ ಖಂಡಿತ ನಿಲ್ಲಿ. ವಿಡಿಯೊದ ಒಂದು ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಹಾಕಿ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯದೋ ಬೇರೆ ದೇಶದ್ದೋ ಆಗಿದ್ದರೆ ಬಹಳಷ್ಟು ಸಲ ಅಲ್ಲೇ ಗೊತ್ತಾಗುತ್ತದೆ. ಯಾವ ಊರು, ಯಾವ ದಿನ, ಯಾವ ಠಾಣೆ ಅನ್ನುವುದು ಸಂದೇಶದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಮುಂದೆ ಕಳಿಸಬೇಡಿ.

ಎರಡನೆಯದು, ಕಥೆ ಹೇಳುತ್ತಿರುವವರು ಯಾರು, ಅವರನ್ನು ವೇದಿಕೆಗೆ ಹತ್ತಿಸಿದವರು ಯಾರು ಅಂತ ಹುಡುಕಿ. ಓದು ಬಾರದವರು ಮಾತ್ರ ಇಂಥದ್ದಕ್ಕೆ ಬೀಳುತ್ತಾರೆ ಅಂದುಕೊಂಡವರು 1990ರ ಅಮೆರಿಕವನ್ನು ನೋಡಬೇಕು. ಇರಾಕ್ ಕುವೈತನ್ನು ಆಕ್ರಮಿಸಿದ್ದ ಸಮಯ. ಅಕ್ಟೋಬರ್ 10ರಂದು ವಾಷಿಂಗ್ಟನ್‌ನಲ್ಲಿ, ಅಮೆರಿಕದ ಸಂಸದರ ಮಾನವ ಹಕ್ಕುಗಳ ಗುಂಪೊಂದರ ಮುಂದೆ ನಯೀರಾ ಅನ್ನುವ 15 ವರ್ಷದ ಹುಡುಗಿ ಅಳುತ್ತಾ ಹೇಳಿದಳು: ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಗೆ ನುಗ್ಗಿ ಹಸುಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಿಂದ (ಇನ್‌ಕ್ಯುಬೇಟರ್) ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು ಅಂತ. ಕುಟುಂಬದ ಸುರಕ್ಷತೆಗಾಗಿ ಅವಳ ಪೂರ್ತಿ ಹೆಸರು ಹೇಳುವುದಿಲ್ಲ ಅಂದರು. ಅಧ್ಯಕ್ಷ ಜಾರ್ಜ್ ಬುಷ್ ಆ ಶಿಶುಗಳ ಮಾತನ್ನು ಮತ್ತೆ ಮತ್ತೆ ಎತ್ತಿದರು, ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರು ಎತ್ತಿದರು, ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕೂಡ ಆರೋಪವನ್ನು ಮೊದಲು ಒಪ್ಪಿ ಆಮೇಲೆ ಹಿಂತೆಗೆದುಕೊಂಡಿತು. ಜನವರಿ 1991ರಲ್ಲಿ ಇರಾಕ್ ಮೇಲೆ ಯುದ್ಧಕ್ಕೆ ಒಪ್ಪಿಗೆ ಕೊಡುವ ನಿರ್ಣಯ ಸೆನೆಟ್‌ನಲ್ಲಿ 52–47ರಲ್ಲಿ ಪಾಸಾಯಿತು. ಐದೇ ಮತದ ಅಂತರ.

ಒಂದು ವರ್ಷದ ನಂತರ ಗೊತ್ತಾಯಿತು, ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು. ಹಿಲ್ ಅಂಡ್ ನೋಲ್ಟನ್ ಅನ್ನುವ ದೊಡ್ಡ ಪ್ರಚಾರ ಕಂಪನಿ ಅವಳನ್ನು ಸಿದ್ಧಗೊಳಿಸಿತ್ತು, ಕುವೈತ್ ಸರ್ಕಾರದ ದುಡ್ಡಿನಿಂದ ನಡೆಯುತ್ತಿದ್ದ ಸಂಘಟನೆಯೊಂದು ಆ ಕಂಪನಿಯನ್ನು ನೇಮಿಸಿಕೊಂಡಿತ್ತು. ಅವಳು ಹೇಳಿದ ಹಾಗೆ ಶಿಶುಗಳನ್ನು ಕೊಂದದ್ದಕ್ಕೆ ಆಮೇಲೆ ತನಿಖೆ ಮಾಡಿದವರಿಗೆ ಪುರಾವೆ ಸಿಗಲಿಲ್ಲ. ಕುವೈತಿನಲ್ಲಿ ಇರಾಕಿ ಸೈನಿಕರು ಕೊಲೆ, ಹಿಂಸೆ ಮಾಡಿದ್ದು ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಜನರ ಕರುಳು ಹಿಂಡಲು ಅಷ್ಟು ಸಾಲದು, ಶಿಶುಗಳೇ ಬೇಕು ಅಂತ ಯಾರೋ ಲೆಕ್ಕ ಹಾಕಿದ್ದರು. ಆ ಸಭೆಯಲ್ಲಿ ಒಬ್ಬರಾದರೂ ‘ಈ ಮಗು ಯಾರ ಮನೆಯದು, ಇವಳನ್ನು ಕರೆತಂದವರು ಯಾರು’ ಅಂತ ಕೇಳಿ ಉತ್ತರ ಬರುವವರೆಗೂ ಬಿಡದಿದ್ದರೆ ಸಾಕಿತ್ತು.

ಯಾಕೆ ಯಾವಾಗಲೂ ಒಂದೇ ಮಗು, ಒಂದೇ ಮುಖ? ಯಾಕೆಂದರೆ ನಮ್ಮ ಮನಸ್ಸು ಲೆಕ್ಕಕ್ಕೆ ಕರಗುವುದಿಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಜನರ ಕೈಗೆ ತಲಾ 5 ಡಾಲರ್ ಕೊಟ್ಟು, ಮಾಲಿ ದೇಶದ ರೊಕಿಯಾ ಅನ್ನುವ ಏಳು ವರ್ಷದ ಹುಡುಗಿಯ ಕಥೆ ಹೇಳಿದರೆ ಸರಾಸರಿ 2.38 ಡಾಲರ್ ದಾನ ಕೊಟ್ಟರು. ಹಸಿದ ಲಕ್ಷಾಂತರ ಜನರ ಅಂಕಿ ಅಂಶ ಕೊಟ್ಟಾಗ 1.14 ಡಾಲರ್. ರೊಕಿಯಾಳ ಕಥೆಯ ಜೊತೆಗೇ ಅಂಕಿಗಳನ್ನೂ ಕೊಟ್ಟಾಗ ದಾನ 1.43ಕ್ಕೆ ಇಳಿಯಿತು! ಇದು ಗೊತ್ತಿರುವವರು ತಮಗೆ ಬೇಕಾದ ಮುಖವನ್ನು ಆರಿಸಿ ನಮ್ಮ ಮುಂದೆ ಇಡುತ್ತಾರೆ. ಒಂದು ಮುಖ ನೋಡಿ ಮನಸ್ಸು ಕಲಕಿದಾಗ, ಇದೇ ಥರ ನೊಂದವರು ಇನ್ನೆಷ್ಟು ಜನ ಇದ್ದಾರೆ, ಅವರ ಫೋಟೊ ಯಾಕೆ ಬರಲಿಲ್ಲ ಅಂತ ಕೇಳಿಕೊಳ್ಳಿ.

ಇಲ್ಲಿಂದ ಮೂರನೆಯದಕ್ಕೆ ಬರುತ್ತೇನೆ. ಹೆಸರು ಬದಲಿಸಿ ನೋಡಿ. ಜುಲೈ 2022ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹತ್ತು ದಿನದೊಳಗೆ ಮೂವರು ಯುವಕರ ಕೊಲೆಯಾಯಿತು, ಒಬ್ಬ ಹಿಂದೂ, ಇಬ್ಬರು ಮುಸ್ಲಿಮರು. ಆಗಿನ ಮುಖ್ಯಮಂತ್ರಿ ಹೋಗಿದ್ದು ಹಿಂದೂ ಯುವಕನ ಮನೆಗೆ ಮಾತ್ರ. ಉಳಿದಿಬ್ಬರ ಮನೆಗಳಿಗೆ ಸರ್ಕಾರದ ಪರಿಹಾರ ಸಿಗಲು 2023ರಲ್ಲಿ ಸರ್ಕಾರ ಬದಲಾಗಬೇಕಾಯಿತು. ಮೂವರೂ ಯಾರದೋ ಮಕ್ಕಳು, ಅಲ್ವಾ? ನಮ್ಮವರ ಸಾವಿಗೆ ಮಾತ್ರ ಕಣ್ಣೀರು ಹಾಕುವ ಅಭ್ಯಾಸವನ್ನು ಎಲ್ಲ ಕಡೆಯ ರಾಜಕಾರಣಿಗಳೂ ನಮಗೆ ಹಚ್ಚಿದ್ದಾರೆ, ನಾವೂ ಹಚ್ಚಿಸಿಕೊಂಡಿದ್ದೇವೆ. ಒಂದು ಸುದ್ದಿ ಓದಿ ರಕ್ತ ಕುದಿದರೆ, ಸತ್ತವರ ಹೆಸರು ಇನ್ನೊಂದು ಜಾತಿಯದೋ ಧರ್ಮದ್ದೋ ಆಗಿದ್ದರೆ ಇಷ್ಟೇ ಕುದಿಯುತ್ತಿತ್ತಾ ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಕಷ್ಟದ ಪ್ರಶ್ನೆ. ಆದರೂ ಕೇಳಿಕೊಳ್ಳಿ.

ಚುನಾವಣೆಯ ಮಾತಿಗೆ ಬಂದರೆ, ಅನುಕಂಪದ ಅಲೆ ನಮಗೆ ಹೊಸದಲ್ಲ. ಶಾಸಕರು ತೀರಿಕೊಂಡರೆ ಪತ್ನಿಗೋ ಮಗನಿಗೋ ಟಿಕೆಟ್ ಕೊಡುವುದು ಎಲ್ಲ ಪಕ್ಷಗಳ ರೂಢಿ. ಸಂತೋಷದ ವಿಷಯ ಏನೆಂದರೆ ಕರ್ನಾಟಕದ ಮತದಾರರು ಪ್ರತಿ ಸಲ ಇದಕ್ಕೆ ಒಲಿದಿಲ್ಲ. 2017ರಲ್ಲಿ ಗುಂಡ್ಲುಪೇಟೆಯಲ್ಲಿ, 2019ರಲ್ಲಿ ಕುಂದಗೋಳದಲ್ಲಿ ತೀರಿಕೊಂಡವರ ಪತ್ನಿಯರು ಗೆದ್ದರು. 2020ರಲ್ಲಿ ಶಿರಾದಲ್ಲಿ, 2021ರಲ್ಲಿ ಬಸವಕಲ್ಯಾಣದಲ್ಲಿ ಸೋತರು. ಅದಕ್ಕಿಂತ ದೊಡ್ಡ ಉದಾಹರಣೆ 1984ರದ್ದು. ಇಂದಿರಾ ಗಾಂಧಿ ಹತ್ಯೆಯಾದ ಎರಡು ತಿಂಗಳೊಳಗೆ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್‌ಗೆ ಹೋದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಹೋದರು. ಮಾರ್ಚ್ 1985ರಲ್ಲಿ ಅದೇ ಜನ ಹೆಗಡೆಯವರ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ದುಃಖ ಬೇರೆ, ವಿಧಾನಸೌಧ ನಡೆಸುವುದು ಬೇರೆ ಅಂತ ಬಿಡಿಸಿ ನೋಡಿದರು. ನಿಮ್ಮ ಕ್ಷೇತ್ರದಲ್ಲಿ ಅಭ್ಯರ್ಥಿ ಅತ್ತರೆ ಅಳಲಿ, ಸಮಾಧಾನ ಹೇಳಿ. ಆಮೇಲೆ ಕುಡಿಯುವ ನೀರಿನ ಬಗ್ಗೆ ಕೇಳಿ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಸ್ಪತ್ರೆಯಲ್ಲಿರುವ ಮಗುವಿಗೆ ನೆರವು ಕೇಳುವ ಪೋಸ್ಟರ್ ಬಂದರೆ ಅದರಲ್ಲಿರುವ ಕ್ಯೂಆರ್ ಕೋಡಿಗೆ ನೇರ ಹಾಕಬೇಡಿ. ನಿಜವಾದ ಮನವಿಯಲ್ಲೇ ಖಾತೆಯ ವಿವರ ಬದಲಿಸಿ ಹಂಚುವವರಿದ್ದಾರೆ. ಆಸ್ಪತ್ರೆಯ ನಂಬರನ್ನು ನೀವೇ ಹುಡುಕಿ ಕರೆ ಮಾಡಿ, ಆಸ್ಪತ್ರೆಯ ಖಾತೆಗೇ ಕಟ್ಟಬಹುದಾ ಕೇಳಿ. ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಮನೆಯ ಗುಂಪಿನಲ್ಲಿ ಚಿಕ್ಕಪ್ಪನೋ ಅತ್ತೆಯೋ ಇಂಥದ್ದನ್ನು ಹಾಕಿದರೆ ಎಲ್ಲರ ಮುಂದೆ ‘ಇದು ಸುಳ್ಳು’ ಅಂತ ಮುಖಕ್ಕೆ ಹೊಡೆದ ಹಾಗೆ ಬರೆಯಬೇಡಿ. ಅವರು ಕಳಿಸಿದ್ದು ಒಳ್ಳೆಯ ಮನಸ್ಸಿನಿಂದ, ಅದನ್ನು ಮೊದಲು ಒಪ್ಪಿಕೊಳ್ಳಿ. ಫೋನ್ ಮಾಡಿ, ‘ಚಿಕ್ಕಪ್ಪ, ಆ ವಿಡಿಯೊ ನೋಡಿ ನನಗೂ ಬೇಜಾರಾಯ್ತು, ಹುಡುಕಿ ನೋಡಿದೆ, ಅದು ಬೇರೆ ದೇಶದ್ದಂತೆ, ನೀವೇ ತೆಗೆದುಬಿಡಿ’ ಅನ್ನಿ. ಅವರೇ ತೆಗೆದರೆ ಗುಂಪಿನಲ್ಲಿ ಅವರ ಮರ್ಯಾದೆಯೂ ಉಳಿಯುತ್ತದೆ, ಮುಂದಿನ ಸಲ ಕಳಿಸುವ ಮುಂಚೆ ನಿಮ್ಮನ್ನು ಕೇಳುತ್ತಾರೆ. ನಿಮ್ಮ ಬೀದಿಯಲ್ಲಿ ಯಾರ ಮೇಲಾದರೂ ನಿಜವಾಗಿ ಅನುಮಾನ ಬಂದರೆ ತುರ್ತು ನಂಬರ್ 112ಕ್ಕೆ, ಮಗು ತೊಂದರೆಯಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಪೊಲೀಸರು ಬರುವವರೆಗೆ ಗುಂಪು ಸೇರದ ಹಾಗೆ ನೋಡಿಕೊಳ್ಳಿ, ಅನುಮಾನ ಬಂದ ವ್ಯಕ್ತಿಯ ಮೈಯನ್ನು ಯಾರೂ ಮುಟ್ಟದ ಹಾಗೆ ಪಕ್ಕದಲ್ಲೇ ನಿಲ್ಲಿ.