ಶುಲ್ಕ ಮೊದಲು, ಸಹಾಯ ಆಮೇಲೆ: ಇಬ್ಬರು ಮಕ್ಕಳ ಓದಿಗೆ ನಾವು ಹಣ ಹೊಂದಿಸಿದ ಬಗೆ

ಕಾಲೇಜಿಗೆ ದುಡ್ಡು ಹೊಂದಿಸುವುದೆಂದರೆ ವಿದ್ಯಾರ್ಥಿವೇತನ ಹುಡುಕುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಹುಡುಕುವುದೇನೂ ಕಷ್ಟವಲ್ಲ, ಸೈಬರ್ ಸೆಂಟರಿನ ಹುಡುಗನೇ ಹತ್ತು ಯೋಜನೆಗಳ ಹೆಸರು ಹೇಳುತ್ತಾನೆ. ಕಷ್ಟವಿರುವುದು ತಾರೀಖಿನಲ್ಲಿ. ಸೀಟು ಸಿಕ್ಕ ನಾಲ್ಕಾರು ದಿನಗಳಲ್ಲಿ ಶುಲ್ಕ ಕಟ್ಟಬೇಕು. ಸಹಾಯಧನ ಖಾತೆಗೆ ಬೀಳುವುದು ತಿಂಗಳುಗಳು ಕಳೆದ ಮೇಲೆ. ದೀಪಾವಳಿಗೆ ರವಿಕೆ ಹೊಲಿಸಿಕೊಂಡು ಯುಗಾದಿಗೆ ಹಣ ಕೊಡುವ ಗಿರಾಕಿಯ ಹಾಗೆ ಅದು. ಕೊಡುವುದೇನೋ ಕೊಡುತ್ತಾರೆ, ಅದನ್ನು ನಂಬಿ ನೂಲು ತರಲಾಗದು.

ನಾನು ಅರಸೀಕೆರೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ನಮ್ಮ ಮನೆಯವರು ಗೂಡ್ಸ್ ಆಟೊ ಓಡಿಸುತ್ತಾರೆ. ಊರಾಚೆ ಸ್ವಲ್ಪ ತೆಂಗಿನ ತೋಟವಿದೆ. 2023ರಲ್ಲಿ ಮಗಳು ಎಂಜಿನಿಯರಿಂಗ್ ಸೇರಿದಳು, ಅದೇ ವರ್ಷ ಮಗ ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿದ. ಎರಡೂ ಒಂದೇ ಬೇಸಿಗೆಯಲ್ಲಿ ಬಂದದ್ದರಿಂದ ಲೆಕ್ಕ ಬರೆದಿಡದೆ ವಿಧಿಯಿರಲಿಲ್ಲ.

ನಮಗೆ ಅತಿ ಹೆಚ್ಚು ಹಣ ಉಳಿಸಿದ್ದು ಯಾವ ವಿದ್ಯಾರ್ಥಿವೇತನವೂ ಅಲ್ಲ, ಸಿಇಟಿಯ ಆಯ್ಕೆ ಪಟ್ಟಿ. ಕಾಲೇಜುಗಳ ಹೆಸರನ್ನು ಯಾವ ಕ್ರಮದಲ್ಲಿ ತುಂಬುತ್ತೇವೆ ಎನ್ನುವುದರಲ್ಲೇ ನಾಲ್ಕು ವರ್ಷದ ಖರ್ಚು ತೀರ್ಮಾನವಾಗಿಬಿಡುತ್ತದೆ. ಒಂದೇ ಪರೀಕ್ಷೆ, ಒಂದೇ ರ‍್ಯಾಂಕು. ಆದರೂ ಸರ್ಕಾರಿ ಕಾಲೇಜಿನ ಶುಲ್ಕ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದ ಶುಲ್ಕಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧ. ಮಗಳ ಗೆಳತಿಯರೆಲ್ಲ ಬೆಂಗಳೂರಿನ ಹೆಸರುಗಳನ್ನು ಮೇಲೆ ಹಾಕಿದರು. ಅವಳಿಗೂ ಅದೇ ಆಸೆ. ಬೆಂಗಳೂರಿನಲ್ಲಿ ಪಿ.ಜಿ.ಗೆ ತಿಂಗಳಿಗೆ ಏಳೆಂಟು ಸಾವಿರ ಎಂದು ವಿಚಾರಿಸಿ ತಿಳಿದುಕೊಂಡೆ. ಹಾಳೆಯ ಮೇಲೆ ಎರಡೂ ಲೆಕ್ಕ ಬರೆದು ಅವಳ ಮುಂದಿಟ್ಟೆ, ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಎರಡು ದಿನ ಮಾತು ಬಿಟ್ಟಳು. ಆಮೇಲೆ ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು ತಾನೇ ಮೇಲಕ್ಕೆ ತಂದಳು. ನಮ್ಮೂರಿನಿಂದ ಹಾಸನಕ್ಕೆ ದಿನವೂ ಹೋಗಿ ಬರಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದ್ದರಿಂದ ಬಸ್ಸಿಗೂ ಖರ್ಚಿಲ್ಲ. ಹಾಸ್ಟೆಲ್ ಸಿಗದೆ ಹೊರಗೆ ಕೋಣೆ ಮಾಡಿಕೊಂಡ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಾರೆ, ಅದನ್ನು ಯಾಕೆ ಬಿಡುತ್ತೀರಿ ಎಂದು ಒಬ್ಬರು ಕೇಳಿದರು. ಆ 1,500ರ ಸಲುವಾಗಿ ಕೋಣೆ ಮಾಡಿದರೆ ನಮ್ಮ ಕೈಯಿಂದ ಅದರ ಮೂರು ಪಟ್ಟು ಹೋಗುತ್ತದೆ.

ಸಿಇಟಿ ಅರ್ಜಿಯಲ್ಲೇ ಕೇಳಿಕೊಳ್ಳಬೇಕಾದ ಇನ್ನೆರಡು ವಿಷಯಗಳಿವೆ. ಒಂದರಿಂದ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿ ಇದೆ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಇನ್ನೊಂದು ಎಸ್‌ಎನ್‌ಕ್ಯೂ. ಕಾಲೇಜಿನ ನಿಗದಿತ ಸೀಟುಗಳ ಮೇಲೆ ಶೇಕಡಾ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕವಿಲ್ಲ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ನಮ್ಮ ಮಗಳ ರ‍್ಯಾಂಕಿಗೆ ಅದು ಸಿಗಲಿಲ್ಲ. ಆದರೆ ಅದನ್ನು ಕೇಳಿಕೊಳ್ಳದೇ ಬಿಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ, ಬಡವರಿಗೆ ಮಾತ್ರ ಎಂದುಕೊಂಡರಂತೆ. 8 ಲಕ್ಷ ಎಂದರೆ ಮಧ್ಯಮ ವರ್ಗದವರೂ ಒಳಗೇ ಬರುತ್ತಾರೆ.

ಇನ್ನು ಆ ವರ್ಷದ ಆಗಸ್ಟ್. ಸೀಟು ಹಂಚಿಕೆಯಾಯಿತು, ಶುಲ್ಕ ಕಟ್ಟಲು ಬೆರಳೆಣಿಕೆಯ ದಿನಗಳು. ಹೊಲಿಗೆಯವರಿಗೆ ಮೇ, ಜೂನ್ ಸುಗ್ಗಿಯ ಕಾಲ, ಶಾಲೆಯ ಸಮವಸ್ತ್ರದ ಕೆಲಸ ಬರುತ್ತದೆ. ಆ ಹಣವನ್ನು ಮೊದಲೇ ತೆಗೆದಿಟ್ಟಿದ್ದೆ, ಮಗನ ಡಿಪ್ಲೊಮಾ ಶುಲ್ಕ ಅದರಲ್ಲೇ ಮುಗಿಯಿತು. ಮಗಳದ್ದಕ್ಕೆ ಇದ್ದ ದಾರಿ ಎರಡು: ಕೊಬ್ಬರಿ ಮಾರುವುದು, ಇಲ್ಲವೇ ನನ್ನ ಸರ ಅಡವಿಡುವುದು. ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಒಣಗಿಸಿದ ಮೇಲೆ ಉಂಡೆ ಕೊಬ್ಬರಿಯಾಗುತ್ತದೆ. 2023ರಲ್ಲಿ ಅದರ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಕೂಗುತ್ತಿದ್ದ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ರೈತರು ರಸ್ತೆಗಿಳಿದಿದ್ದ ವರ್ಷವದು. ಮನೆಯವರು ಮಾರಿಬಿಡೋಣ ಎಂದರು, ಒಡವೆಯ ಮೇಲೆ ಸಾಲ ಎಂದರೆ ಅವರಿಗೆ ಮುಜುಗರ. ನಾನು ಒಪ್ಪಲಿಲ್ಲ. ಕೊಬ್ಬರಿ ಮಾರಿದರೆ ನಷ್ಟ ಅಲ್ಲಿಗೇ ಖಾಯಂ ಆಗುತ್ತದೆ, ಸರ ಅಡವಿಟ್ಟರೆ ಹೋಗುವುದು ಬಡ್ಡಿ ಮಾತ್ರ. ಎರಡೆಳೆ ಸರವನ್ನು ಸಹಕಾರ ಸಂಘದಲ್ಲಿಟ್ಟು ಶುಲ್ಕ ಕಟ್ಟಿದೆವು. 2024ರಲ್ಲಿ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಮೇಲೆ 1,500 ಕೊಟ್ಟಿತು, ಕೊಬ್ಬರಿಯನ್ನು ಖರೀದಿ ಕೇಂದ್ರಕ್ಕೆ ಹಾಕಿದೆವು. ಸರ ಬಿಡಿಸಿಕೊಂಡು ಬಂದ ದಿನ ಮನೆಯವರು ಏನೂ ಹೇಳಲಿಲ್ಲ, ನಾನೂ ಕೆಣಕಲಿಲ್ಲ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಿದೆವು. ಅರ್ಜಿ ತುಂಬುವುದು ಒಂದು ಗಂಟೆಯ ಕೆಲಸ, ಅದಕ್ಕೆ ಮೊದಲಿನ ಹೊಂದಾಣಿಕೆಯೇ ನಿಜವಾದ ಕೆಲಸ. ಆಧಾರ್‌ನಲ್ಲಿರುವ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಹೆಸರು ಒಂದೇ ಆಗಿರಬೇಕು, ಇನಿಷಿಯಲ್ ಸಮೇತ. ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು. ಇಷ್ಟೆಲ್ಲ ಸರಿಯಿದ್ದೂ ನಮಗೆ ಹಣ ಬರಲಿಲ್ಲ. ಪೋರ್ಟಲಿನಲ್ಲಿ ಪಾವತಿಯಾಗಿದೆ ಎಂದಿತ್ತು, ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ. ಕೊನೆಗೆ ಬ್ಯಾಂಕಿನ ಗುಮಾಸ್ತೆಯೊಬ್ಬರು ಗುಟ್ಟು ಬಿಡಿಸಿದರು. ಸರ್ಕಾರದ ನೇರ ವರ್ಗಾವಣೆ ಹೋಗುವುದು ನಾವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕಡೆಯದಾಗಿ ಜೋಡಣೆಯಾದ ಖಾತೆಗೆ. ಮಗಳು ಹೊಸ ಸಿಮ್ ತೆಗೆದುಕೊಂಡಾಗ ಅಂಗಡಿಯವನು ಬೆರಳೊತ್ತಿಸಿಕೊಂಡು ಇನ್ನೊಂದು ಖಾತೆ ತೆರೆದು ಜೋಡಿಸಿಬಿಟ್ಟಿದ್ದ, ಹಣ ಅಲ್ಲಿ ಮಲಗಿತ್ತು. ಅರ್ಜಿ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಕೇಳಿ. ಜಮೀನಿರುವವರು ರೈತರ ನೋಂದಣಿಯಾದ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನೂ ಮಾಡಿಸಿಟ್ಟುಕೊಳ್ಳಿ. ರೈತರ ಮಕ್ಕಳಿಗೆಂದು 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿಗೆ ವರ್ಷಕ್ಕೆ 11,000, ಡಿಪ್ಲೊಮಾ ಹುಡುಗನಿಗೆ 2,500 ಎಂದು ನಿಗದಿಯಾಗಿದೆ. ಇವು ಯಾವುದನ್ನೂ ನಾನು ಶುಲ್ಕದ ಲೆಕ್ಕಕ್ಕೆ ಸೇರಿಸುವುದಿಲ್ಲ. ಬಂದರೆ ಪುಸ್ತಕಕ್ಕೆ, ಪರೀಕ್ಷಾ ಶುಲ್ಕಕ್ಕೆ. ಗೃಹಲಕ್ಷ್ಮಿಯ 2,000 ಬಂದಾಗಲೆಲ್ಲ ಅಂಚೆ ಕಚೇರಿಯ ಖಾತೆಗೆ ಹೋಗುತ್ತದೆ, ಮುಂದಿನ ಆಗಸ್ಟಿಗಾಗಿ.

ಎರಡನೆಯ ವರ್ಷಕ್ಕೆ ಲ್ಯಾಪ್‌ಟಾಪ್ ಬೇಕಾಯಿತು. ಆಗ ಶಿಕ್ಷಣ ಸಾಲ ಕೇಳಿದೆವು. ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ ಶಾಖೆಗೆ ಹೋದರೆ, “ಅಮ್ಮಾ, ಜಮೀನಿನ ಪತ್ರ ತನ್ನಿ” ಎಂದರು ವ್ಯವಸ್ಥಾಪಕರು. “ಸಾರ್, 4 ಲಕ್ಷದವರೆಗೆ ಅಡಮಾನ ಕೇಳುವ ಹಾಗಿಲ್ಲವಲ್ಲ, ನಾವು ಕೇಳುತ್ತಿರುವುದು ಒಂದೂವರೆ ಲಕ್ಷ” ಎಂದೆ. “ಯಾರು ಹೇಳಿದರು?” ಎಂದರು. “ರಿಸರ್ವ್ ಬ್ಯಾಂಕಿನವರು” ಎಂದೆ. ಮತ್ತೆ ಪತ್ರದ ಮಾತು ಬರಲಿಲ್ಲ. ಲ್ಯಾಪ್‌ಟಾಪಿನ ಬೆಲೆಯನ್ನೂ ಸಾಲದಲ್ಲಿ ಸೇರಿಸಬಹುದು, ಕಾಲೇಜಿನಿಂದ ಖರ್ಚಿನ ಅಂದಾಜು ಪತ್ರ ಬರೆಸಿಕೊಂಡು ಹೋಗಬೇಕು. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷವಾದ ಮೇಲೆ. ಹಾಗೆಂದು ಬಡ್ಡಿ ಸುಮ್ಮನಿರುವುದಿಲ್ಲ, ಅದನ್ನು ನಾವು ತಿಂಗಳು ತಿಂಗಳೂ ಕಟ್ಟುತ್ತಿದ್ದೇವೆ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ದರದಲ್ಲಿ ಶೇಕಡಾ 1ರವರೆಗೆ ರಿಯಾಯಿತಿ ಕೊಡುವ ಅವಕಾಶ ಬ್ಯಾಂಕುಗಳಿಗಿದೆ, ಆದರೆ ಬಾಯಿ ಬಿಟ್ಟು ಕೇಳಬೇಕು. ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರ ಸರ್ಕಾರವೇ ಓದಿನ ಅವಧಿಯ ಬಡ್ಡಿ ಭರಿಸುವ ಯೋಜನೆಯೂ ಇದೆ. ಅದಕ್ಕೆ ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಬೇಕು, ಸೇರುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ನಮ್ಮ ಪರಿಚಯದ ಹುಡುಗಿಯೊಬ್ಬಳು ಬ್ಯಾಂಕಿನ ಬದಲು ರಾಜ್ಯ ಸರ್ಕಾರದ ಅಭಿವೃದ್ಧಿ ನಿಗಮವೊಂದರ ಅರಿವು ಸಾಲದಲ್ಲಿ ಓದುತ್ತಿದ್ದಾಳೆ. ಬಡ್ಡಿ ಶೇಕಡಾ 2 ಮಾತ್ರ, ಸಿಇಟಿ ಮೂಲಕ ಸೇರಿದವರಿಗೆ. ಸಿಗುವುದಾದರೆ ಅದಕ್ಕಿಂತ ಅಗ್ಗದ ಸಾಲ ಬೇರೆ ನಾನು ಕಂಡಿಲ್ಲ.

ಮಗನನ್ನು ಪಿಯುಸಿ ವಿಜ್ಞಾನಕ್ಕೆ ಹಾಕದೆ ಡಿಪ್ಲೊಮಾಗೆ ಸೇರಿಸಿದಾಗ ನಾದಿನಿ ಮೂಗು ಮುರಿದರು. ಕೋಚಿಂಗ್ ಸೇರಿದ ಖಾಸಗಿ ಪಿಯು ಕಾಲೇಜಿನ ಶುಲ್ಕ ಕೇಳಿಯೇ ನಾನು ಆ ಆಸೆ ಬಿಟ್ಟಿದ್ದೆ. ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಓದಿ, ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ನೇರ ಪ್ರವೇಶ. ಒಂದು ವರ್ಷದ ಎಂಜಿನಿಯರಿಂಗ್ ಶುಲ್ಕ ಅಲ್ಲೇ ಉಳಿಯುತ್ತದೆ. ನಡುವೆ ಕೆಲಸ ಸಿಕ್ಕರೆ ಡಿಪ್ಲೊಮಾ ಕೈಯಲ್ಲಿರುತ್ತದೆ. ಅವನದು 2026ಕ್ಕೆ ಮುಗಿಯುತ್ತದೆ. ನಮ್ಮ ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿಯೂ ಅದೇ ಹೊತ್ತಿಗೆ ಮುಗಿಯುವುದರಿಂದ ನಾಡಕಚೇರಿಯಲ್ಲಿ ಹೊಸದಕ್ಕೆ ಈಗಲೇ ಅರ್ಜಿ ಕೊಟ್ಟಿದ್ದೇನೆ.